ಒಂದರಿಂದ ಶುರುವಾಗುವ ಟೇಪು

ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿದ್ದ ನರ್ಸು ಕೇಳಿದ್ದು ಸಾದಾ ಪ್ರಶ್ನೆ. ವಯಸ್ಸು ಎಪ್ಪತ್ತಾರು ಅಂತ ಬರೆದುಕೊಂಡಳು, ಸಕ್ಕರೆ ಕಾಯಿಲೆ ಇಲ್ಲ ಅಂತ ಬರೆದುಕೊಂಡಳು, ಆಮೇಲೆ ತಲೆ ಎತ್ತದೆಯೇ, "ಒಡಹುಟ್ಟಿದವರು ಎಷ್ಟು ಜನ ಅಜ್ಜಿ? ಅವರಲ್ಲಿ ಯಾರಿಗಾದ್ರೂ ಕಣ್ಣಿನ ತೊಂದರೆ ಇತ್ತಾ?" ಎಂದಳು.

"ಅಣ್ಣಂದಿರು ಇಬ್ರು. ಚಿಕ್ಕೋನಿಗೆ ಕನ್ನಡಕ ಇತ್ತು. ದೊಡ್ಡೋನದು ಗೊತ್ತಿಲ್ಲ," ಎಂದಳು ಅತ್ತೆ.

ಪಕ್ಕದಲ್ಲಿ ಫೈಲು ಹಿಡಿದು ನಿಂತಿದ್ದ ಟೈಲರಮ್ಮ ಅತ್ತೆಯ ಮುಖ ನೋಡಿದಳು. ಅತ್ತೆ ಗೋಡೆಯ ಮೇಲಿನ ಅಕ್ಷರಗಳ ಪಟ್ಟಿ ನೋಡುತ್ತಿದ್ದಳು, ಅದರಲ್ಲಿ ಒಂದಕ್ಷರವೂ ತನಗೆ ಕಾಣದಿದ್ದರೂ. ಟೈಲರಮ್ಮನಿಗೆ ಐವತ್ತಮೂರು ವರ್ಷ. ಈ ಐವತ್ತಮೂರು ವರ್ಷವೂ ಅವಳಿಗೆ ತಿಳಿದಿದ್ದಂತೆ ಅತ್ತೆಗೆ ಇದ್ದ ಅಣ್ಣ ಒಬ್ಬನೇ, ಅವಳ ಅಪ್ಪ. ಅವನು ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.

ಮನೆ ಅಂದಮೇಲೆ ಒಂದೆರಡು ಗುಟ್ಟು ಇರುತ್ತವೆ, ಇರಲಿ ಪಾಪ. ಆದರೆ ಒಬ್ಬ ಇಡೀ ಮನುಷ್ಯನನ್ನು, ಅದೂ ಮನೆಯ ಹಿರೀಮಗನನ್ನು ಪೆಟ್ಟಿಗೆಯ ತಳಕ್ಕೆ ಹಾಕಿ ಅದರ ಮೇಲೆ ಗಟ್ಟಿಯಾಗಿ ಕೂತಿರುವುದಕ್ಕೆ ಬೇರೆಯದೇ ಗುಂಡಿಗೆ ಬೇಕು. ಅತ್ತೆಗೆ ಅಂಥ ಗುಂಡಿಗೆ ಇದೆಯೆಂದು ಟೈಲರಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಹಲ್ಲಿ ಬಿದ್ದರೆ ಕುರ್ಚಿ ಹತ್ತುವ ಹೆಂಗಸು.

ಬೀದಿಗೆ ತೆರೆದ ಅಂಗಡಿ, ಅದರ ಹಿಂದೆ ಎರಡು ಕೋಣೆ, ಇಷ್ಟೇ ಅವರ ಸಾಮ್ರಾಜ್ಯ. ಹೊಲಿಯುವುದು ಟೈಲರಮ್ಮ, ಕಾಜಾ, ಗುಂಡಿ, ಹೆಮ್ಮಿಂಗು ಅತ್ತೆಯ ಪಾಲು. ಕಣ್ಣಿಗೆ ಪೊರೆ ಬಂದ ಮೇಲೂ ಅತ್ತೆ ಬೆರಳಲ್ಲೇ ನೋಡಿಕೊಂಡು ಕಾಜಾ ಹಾಕುತ್ತಿದ್ದಳು. ಇಬ್ಬರಿಗೂ ಮದುವೆಯಾಗಿರಲಿಲ್ಲ, ಇಬ್ಬರಿಗೂ ಅದರ ಬಗ್ಗೆ ವಿಶೇಷ ಬೇಸರವಿರಲಿಲ್ಲ. ಒಬ್ಬರಿಗೊಬ್ಬರು ಬಿಟ್ಟರೆ ಮೂರನೆಯವರು ಇಲ್ಲ ಎನ್ನುವುದು ಮಾತ್ರ ಜ್ವರ ಬಂದ ದಿನ ಟೈಲರಮ್ಮನಿಗೆ ನೆನಪಾಗುತ್ತಿತ್ತು.

ಆಸ್ಪತ್ರೆಯಿಂದ ಬಂದವಳೇ ಅವಳು ಅಂಗಡಿಯ ಬಾಗಿಲು ಅರ್ಧ ಎಳೆದಳು.

"ಯಾರತ್ತೆ ಅದು ದೊಡ್ಡೋನು?"

"ಬಾಯಿ ತಪ್ಪಿ ಬಂತು ಕಣೆ."

"ಬಾಯಿ ತಪ್ಪಿ ಅಣ್ಣಂದಿರು ಹುಟ್ಟಲ್ಲ ಅತ್ತೆ."

ಅತ್ತೆ ಕಟಿಂಗ್ ಮೇಜಿನ ಅಂಚನ್ನು ಸವರುತ್ತಾ ಕೂತಳು. ಆಮೇಲೆ ಹೇಳತೊಡಗಿದಳು. ಒಮ್ಮೆ ಶುರು ಮಾಡಿದವಳು ನೀರು ಬೇಕೆಂದು ಕೂಡ ನಿಲ್ಲಿಸಲಿಲ್ಲ.

ಆಗ ಅಂಗಡಿ ತಾತನದು. ತಾತನ ಹತ್ತಿರ ಬಟ್ಟೆಯದೊಂದು ಟೇಪು. ಹಿಡಿದು ಹಿಡಿದು ಅದರ ಮೊದಲನೇ ಇಂಚು ಹರಿದುಹೋಗಿತ್ತು. ಟೇಪು ಒಂದರಿಂದಲೇ ಶುರು. ಹೋದದ್ದು ಒಂದಿಂಚು, ಉಳಿದದ್ದು ಐವತ್ತೊಂಬತ್ತು, ಹೊಸದು ಯಾಕೆ ಅನ್ನುವವನು ತಾತ. ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಒಂದು ರೂಢಿ: ಟೇಪು ಮೂವತ್ತೊಂದು ತೋರಿಸಿದರೆ ಮೂವತ್ತು ಅನ್ನುವುದು, ಹದಿನೆಂಟು ತೋರಿಸಿದರೆ ಹದಿನೇಳು. ಯೋಚಿಸಿ ಮಾಡುವುದಲ್ಲ, ರೆಪ್ಪೆ ಹೊಡೆದ ಹಾಗೆ. ಹೊರಗಿನವರು ಈ ಟೇಪು ಮುಟ್ಟಿದರೆ ಕೆಟ್ಟರು. ಮನೆಯವರು ಬೇರೆ ಟೇಪು ಮುಟ್ಟಿದರೆ ಕೆಟ್ಟರು.

"ಬ್ಯಾಂಡಿನವರ ಕೋಟು ಹೊಲಿಯೋ ಕೆಲಸ ಬಂತು. ಇಪ್ಪತ್ನಾಲ್ಕು ಕೋಟು. ದೊಡ್ಡಣ್ಣ ಖುಷಿಗೆ ಒಂದು ಹೊಸ ಟೇಪು ತಂದ. ನನ್ನ ಕೈಗೆ ಕೊಟ್ಟು, ನೀನೇ ಅಳತೆ ತಗೋ, ಅಕ್ಷರ ನಿಂದೇ ಚೆನ್ನಾಗಿದೆ ಅಂದ. ಹದಿನೆಂಟು ವರ್ಷ ನನಗೆ. ಜಂಬ. ಬೆಳಿಗ್ಗೆಯಿಂದ ಸಂಜೆವರೆಗೆ ಇಪ್ಪತ್ನಾಲ್ಕು ಜನರ ಅಳತೆ ತಗೊಂಡೆ, ಬರಕೊಂಡೆ." ಅತ್ತೆ ಬೆರಳಿನಿಂದ ಮೇಜಿನ ಮೇಲೊಂದು ಗೆರೆ ಎಳೆದಳು. "ಪ್ರತಿಯೊಂದಕ್ಕೂ ಒಂದೊಂದು ಕಳೆದು ಬರಕೊಂಡೆ ಕಣೆ. ಹೊಸ ಟೇಪಲ್ಲಿ."

ಕೋಟುಗಳೆಲ್ಲ ಸಿದ್ಧವಾದ ದಿನ ದೊಡ್ಡ ಡೋಲು ಬಾರಿಸುವವನು ತೊಟ್ಟು ನೋಡಿದ. ಎದೆಯ ಗುಂಡಿ ಕೂಡಲಿಲ್ಲ, ತೋಳು ಮಣಿಕಟ್ಟಿಗೆ ಇಳಿಯಲಿಲ್ಲ. ಎರಡನೆಯವನಿಗೂ ಅಷ್ಟೇ, ಮೂರನೆಯವನಿಗೂ ಅಷ್ಟೇ. ಕತ್ತರಿ ಹಿಡಿದವನೇ ಹೊಣೆ ಎನ್ನುವುದು ಆ ಅಂಗಡಿಯ ಕಾನೂನು, ಮತ್ತು ಕತ್ತರಿಸಿದವನು ದೊಡ್ಡಣ್ಣ. ತಾತ ಬೀದಿಗೆ ಕೇಳುವಂತೆ ಬೈದ, ಅನ್ನಬಾರದ್ದೆಲ್ಲ ಅಂದ, ಬ್ಯಾಂಡಿನವರೆದುರಿಗೇ ಕೆನ್ನೆಗೆ ಹೊಡೆದ. ಅಳತೆ ಯಾರು ತಗೊಂಡಿದ್ದು ಎಂದು ಯಾರೂ ಕೇಳಲಿಲ್ಲ.

"ಅವನು ಒಂದು ಸಲ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ನಾನು ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಎರಡೇ ಅಕ್ಷರ. ಬಾಯಿಗೆ ಬೀಗ ಬಿದ್ದಿತ್ತು."

ಆ ಸಂಜೆಯೇ ದೊಡ್ಡಣ್ಣ ಆ ಇಪ್ಪತ್ನಾಲ್ಕು ಕೋಟಿನ ಗಂಟು ಹೊತ್ತುಕೊಂಡು ಹೋದ. ಹೋಗುವಾಗ ಹರಿದ ಹಳೇ ಟೇಪನ್ನೂ ತೆಗೆದುಕೊಂಡು ಹೋಗಿದ್ದ. ಈ ಮನೆಯಲ್ಲಿ ಅವನ ಹೆಸರೆತ್ತಿದವರಿಗೆ ಊಟವಿಲ್ಲ ಎಂದ ತಾತ, ಮತ್ತು ತಾತ ಹೇಳಿದ್ದನ್ನು ಮಾಡುವವನೇ. ಐವತ್ತೆಂಟು ವರ್ಷ ಹಾಗೇ ಕಳೆಯಿತು.

"ನಿಮ್ಮಪ್ಪನಿಗೂ ಹೇಳಿಲ್ಲ ನಾನು. ಕಣ್ಣು ಸರಿ ಮಾಡಿಸ್ತೀಯಲ್ಲ, ಹಾಗೇ ಇದನ್ನೂ ಒಂದು ಸರಿ ಮಾಡಿಸು. ಅವನಿದ್ರೆ ಅವನಿಗೆ, ಇಲ್ಲದಿದ್ರೆ ಅವನ ಮಕ್ಕಳಿಗೆ ಹೇಳಬೇಕು, ತಪ್ಪು ನಂದು ಅಂತ. ಬಾಗಿಲು ಹಾಕಿದ್ರೆ ಹಾಕಲಿ. ಹೇಳಿಯಾದ್ರೂ ಬರ್ತೀನಿ."

ಟೈಲರಮ್ಮನಿಗೆ ಅತ್ತೆಯ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಕನಿಕರವೂ ಬಂತು. ಟೀ ಮಾಡಿ ತಂದು ಕೊಟ್ಟಳು.

ಮಾರನೆಯ ದಿನ ಕಟಿಂಗಿನ ಖಾಕಿ ಕಾಗದವೊಂದನ್ನು ಮೇಜಿನ ಮೇಲೆ ಹಾಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅವಳು ವಂಶವೃಕ್ಷ ಬರೆಯಲು ಕೂತಳು. ವೃಕ್ಷ ಅನ್ನುವುದು ದೊಡ್ಡ ಮಾತು. ಮೇಲೆ ತಾತ, ಕೆಳಗೆ ಅಪ್ಪ, ಅತ್ತೆ, ಅಪ್ಪನ ಕೆಳಗೆ ತಾನು. ನೋಡಿದರೆ ಕುರಿ ಮೇದ ಗಿಡದ ಹಾಗಿತ್ತು. ಅಪ್ಪನ ಎಡಕ್ಕೆ ಒಂದು ಗೆರೆ ಎಳೆದು, ಅದರ ತುದಿಯಲ್ಲಿ ದೊಡ್ಡಪ್ಪ ಎಂದು ಬರೆದಳು. ಆ ಪದವನ್ನು ಅವಳು ಅಂದಿನವರೆಗೆ ಯಾರಿಗೂ ಬಳಸಿರಲಿಲ್ಲ.

ಹಳೆಯ ಅಳತೆ ಪುಸ್ತಕಗಳು ಅಟ್ಟದಲ್ಲಿದ್ದವು. ತಾತ ಗಿರಾಕಿಗಳ ಹೆಸರು ಬರೆಸುತ್ತಿರಲಿಲ್ಲ; ನಾವು ಹೆಸರಿಗೆ ಹೊಲಿಯಲ್ಲ, ಮೈಗೆ ಹೊಲಿಯೋದು ಅನ್ನುತ್ತಿದ್ದನಂತೆ. ಪುಸ್ತಕದ ತುಂಬ ಬರೀ ಅಡ್ಡಹೆಸರು. ಆ ವರ್ಷದ ಪುಸ್ತಕದ ನಡುವೆ ಬ್ಯಾಂಡಿನ ಪುಟಗಳು ಸಿಕ್ಕವು, ಅತ್ತೆಯ ಮುತ್ತು ಪೋಣಿಸಿದಂಥ ಅಕ್ಷರ: ದೊಡ್ಡ ಡೋಲು, ಕ್ಲಾರಿನೆಟ್ ಉದ್ದ, ಕೆಮ್ಮು ಮಾಸ್ತರ, ತುತ್ತೂರಿ ಗಿಡ್ಡ. ಇಪ್ಪತ್ನಾಲ್ಕರಲ್ಲಿ ಇಪ್ಪತ್ತಮೂರು ಜನ ಈಗ ಎಲ್ಲಿಯೂ ಸಿಗುವಂತಿರಲಿಲ್ಲ. ತುತ್ತೂರಿ ಗಿಡ್ಡ ಮಾತ್ರ ಎರಡು ಬೀದಿ ಆಚೆ, ಗಡಿಯಾರದ ಅಂಗಡಿಯ ಮಹಡಿಯಲ್ಲಿ ಮಗಳ ಜೊತೆ ಇದ್ದ. ಎಂಬತ್ತರ ಮುದುಕ, ಈಗ ಇನ್ನೂ ಗಿಡ್ಡವಾಗಿದ್ದ.

"ನಿಮ್ಮ ದೊಡ್ಡಪ್ಪನಾ? ನಮ್ಮ ಜೊತೆ ರೈಲು ಹತ್ತಿದ್ನಲ್ಲ," ಎಂದ, ನಿನ್ನೆ ಹತ್ತಿದವನಂತೆ. "ಮಾರನೇ ದಿನ ನಮ್ಮ ಬ್ಯಾಂಡಿನ ಕಛೇರಿ ಇತ್ತು. ಇಡೀ ದಾರಿ ಕೂತು ಕೋಟು ಬಿಚ್ಚಿದ, ಪಕ್ಕಕ್ಕೂ ತೋಳಿಗೂ ಕರಿ ಪಟ್ಟಿ ಕೊಟ್ಟ. ಕೆಂಪು ಕೋಟಿಗೆ ಕರಿ ಪಟ್ಟಿ. ಜನ ಅದೇ ಹೊಸ ಫ್ಯಾಷನ್ ಅಂದ್ಕೊಂಡ್ರು ನೋಡಿ. ಆಮೇಲೆ ಎರಡು ವರ್ಷ ಬೇರೆ ಬ್ಯಾಂಡಿನೋರೆಲ್ಲ ಹಾಗೇ ಹೊಲಿಸಿದ್ರು."

ಮುದುಕನ ಕೋಟು ಇನ್ನೂ ಗೂಟದಲ್ಲಿ ನೇತಾಡುತ್ತಿತ್ತು. ಟೈಲರಮ್ಮ ಚೀಲದಿಂದ ಟೇಪು ತೆಗೆದು ಪಟ್ಟಿ ಅಳೆದಳು. ಹೊಲಿಗೆಯಿಂದ ಹೊಲಿಗೆಗೆ ಸರಿಯಾಗಿ ಒಂದಿಂಚು.

"ಇಪ್ಪತ್ನಾಲ್ಕಕ್ಕೂ ಇದೇ ಅಗಲವಾ?"

"ಎಲ್ಲಕ್ಕೂ. ಅಳತೆ ಕೂಡ ನೋಡಲಿಲ್ಲ ಅವನು. ಒಂದೇ ಪಟ್ಟಿ ಕತ್ತರಿಸಿ ಎಲ್ಲಕ್ಕೂ ಹಾಕ್ತಾ ಹೋದ."

ಮೆಟ್ಟಿಲು ಇಳಿಯುವಾಗ ಟೈಲರಮ್ಮನಿಗೆ ಹೊಳೆಯಿತು. ದೊಡ್ಡಪ್ಪನಿಗೆ ಗೊತ್ತಿತ್ತು. ಪ್ರತಿಯೊಂದರಲ್ಲೂ ಸರಿಯಾಗಿ ಒಂದಿಂಚು ಕಡಿಮೆ ಬಂದರೆ ತಪ್ಪು ಕತ್ತರಿಯದಲ್ಲ, ಟೇಪಿನದು ಅಂತ ಆ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತಿದ್ದೇ ಆತ ತಂಗಿಯ ಕಡೆ ಒಮ್ಮೆ ನೋಡಿದ್ದು, ಮತ್ತು ತಂಗಿ ನೆಲ ನೋಡಿದ್ದು. ಈ ವಿಷಯವನ್ನು ಅವಳು ಅತ್ತೆಗೆ ಹೇಳಲಿಲ್ಲ.

ರೈಲಿನಿಂದ ಆತ ಇಳಿದದ್ದು ಬಸ್ಸುಗಳ ಡಿಪೋ ಇದ್ದ ದೊಡ್ಡ ಊರಿನಲ್ಲಿ, ಅಲ್ಲಿ ಸೀಟು ಹೊಲಿಯುವ ಕೆಲಸ ಸಿಕ್ಕಿತಂತೆ ಎಂದು ತುತ್ತೂರಿ ಗಿಡ್ಡ ಹೇಳಿದ್ದ. ಡಿಪೋಗೆ ಫೋನು ಮಾಡಿದರೆ ಅವರು ಗೋದಾಮಿಗೆ ಕೊಟ್ಟರು, ಗೋದಾಮಿನವರು ನಾಳೆ ಮಾಡಿ ಎಂದರು. ಆ ನಾಳೆಗೆ ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಗೋದಾಮಿನ ಗುಮಾಸ್ತನಿಗೆ ಇವಳ ದನಿ ಕೇಳಿ ಕೇಳಿ ಸಾಕಾಗಿಯೋ, ಅಥವಾ ಕನಿಕರ ಬಂದೋ, ನಿವೃತ್ತರ ಪಟ್ಟಿ ಹುಡುಕಿದ. ಹೆಸರು ತಾಳೆಯಾಯಿತು. ಆ ಹೆಸರಿನವರು ಊರಿಗೆ ಹತ್ತು ಜನ ಇರುತ್ತಾರೆ, ಅದು ಬೇರೆ ಮಾತು. "ಅವರಿಲ್ಲ ಈಗ. ಮಗಳು ಡಿಪೋ ಎದುರಿಗೇ ಸೀಟು ಕವರಿನ ಅಂಗಡಿ ಇಟ್ಟಿದ್ದಾಳೆ. ಸೀಟಕ್ಕ ಅಂದ್ರೆ ಯಾರಾದ್ರೂ ಹೇಳ್ತಾರೆ," ಎಂದು ನಂಬರು ಕೊಟ್ಟ.

ಸೀಟಕ್ಕನ ದನಿಯ ಹಿಂದೆ ಹೊಲಿಗೆ ಯಂತ್ರ ಓಡುತ್ತಲೇ ಇತ್ತು. ಟೈಲರಮ್ಮ ಹೇಳಿದ್ದನ್ನೆಲ್ಲ ಅವಳು ಕೇಳಿದಳು.

"ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು. ತನಗೆ ಯಾರೂ ಇಲ್ಲ ಅಂತಾನೇ ಹೇಳ್ತಿದ್ರು. ತಂಗಿ, ತಮ್ಮ, ಯಾರ ಸುದ್ದೀನೂ ಎತ್ತಿದವರಲ್ಲ. ನೀವು ಬೇರೆ ಯಾರನ್ನೋ ಹುಡುಕ್ತಿರಬೇಕು."

"ಒಂದ್ಸಲ ಬಂದು ನೋಡ್ಲಾ?"

"ಅಂಗಡಿ ಎಲ್ಲರಿಗೂ ತೆರೆದಿರುತ್ತೆ," ಎಂದಳು ಸೀಟಕ್ಕ. ಅದು ಬನ್ನಿ ಅಂದಂತೆಯೂ ಇತ್ತು, ಬರಬೇಡಿ ಅಂದಂತೆಯೂ ಇತ್ತು.

ಅಣ್ಣ ಇಲ್ಲವೆಂದು ಕೇಳಿದ ಮೇಲೆ ಅತ್ತೆ ಎರಡು ದಿನ ಸೂಜಿ ಮುಟ್ಟಲಿಲ್ಲ. ಮೂರನೆಯ ದಿನ ಕಣ್ಣಿನ ಆಪರೇಷನ್ನಿಗೆ ಹೋದಳು, ಬಂದಳು. ಪಟ್ಟಿ ಬಿಚ್ಚಿದ ದಿನ ಟೈಲರಮ್ಮನ ಮುಖ ಹಿಡಿದು, "ಅಯ್ಯೋ, ನಿನಗೂ ತಲೆ ನೆರೆದು ಹೋಯ್ತಲ್ಲೇ," ಎಂದು ಮರುಗಿದಳು. ಆಮೇಲೆ, "ಯಾವತ್ತು ಹೋಗೋದು?" ಎಂದಳು.

"ಅತ್ತೆ, ಆತ ನನಗೆ ಯಾರೂ ಇಲ್ಲ ಅಂದಿದ್ದ ಅಂತೆ. ಮಗಳು ಏನಾದ್ರೂ ಅಂದ್ರೆ..."

"ಅನ್ನಲಿ. ಅನ್ನಿಸಿಕೊಳ್ಳೋಕೇ ಹೋಗೋದು."

ನಾಲ್ಕು ಗಂಟೆಯ ಪ್ರಯಾಣ. ರೈಲಿನಲ್ಲಿ ಅತ್ತೆಯ ತುಟಿಗಳು ಆಡುತ್ತಲೇ ಇದ್ದವು. ಶಾಲೆಯ ಪದ್ಯ ಬಾಯಿಪಾಠ ಮಾಡುವವಳಂತೆ ಅವಳು ತಪ್ಪು ನಂದು ಎನ್ನುವ ಆ ಎರಡು ಮಾತುಗಳನ್ನು ಹೇಳಿಕೊಳ್ಳುತ್ತಿದ್ದಾಳೆಂದು ಟೈಲರಮ್ಮನಿಗೆ ತಿಳಿಯಿತು. ದಾರಿಯುದ್ದಕ್ಕೂ ಟೈಲರಮ್ಮನಿಗೆ ಒಂದೇ ಹೆದರಿಕೆ: ಆತ ಗೊತ್ತಿದ್ದೂ ಕ್ಷಮಿಸದೆ ಹೋಗಿದ್ದರೆ, ಅದು ಇವತ್ತು ಆ ಅಂಗಡಿಯಲ್ಲಿ ಹೊರಬಿದ್ದರೆ, ಈ ಮುದುಕಿಯನ್ನು ತಾನು ಹೇಗೆ ಮನೆಗೆ ಕರೆದುಕೊಂಡು ಬರುವುದು.

ಸೀಟಕ್ಕನ ಅಂಗಡಿಯಲ್ಲಿ ರೆಕ್ಸಿನ್ನಿನ ವಾಸನೆ. ಗೋಡೆಗೆ ಒರಗಿಸಿದ ಸ್ಪಂಜಿನ ಹಾಳೆಗಳು, ನೆಲದ ಮೇಲೆ ಬಿಚ್ಚಿಟ್ಟ ಬಸ್ಸಿನ ಸೀಟು, ಬಾಗಿಲಲ್ಲಿ ನಿಂತು ನಿಮಿಷಕ್ಕೊಮ್ಮೆ ಗಡಿಯಾರ ನೋಡುವ ಡ್ರೈವರು. ಸೀಟಕ್ಕ ನಲವತ್ತೆಂಟರ ಗಟ್ಟಿ ಹೆಂಗಸು. ಇವರನ್ನು ನೋಡಿ ಸ್ಟೂಲು ತೋರಿಸಿದಳು, ನೀರು ಕೊಟ್ಟಳು, ಆದರೆ ಕೆಲಸ ಬಿಡಲಿಲ್ಲ.

"ಕೂತ್ಕೊಳ್ಳಿ ಅಜ್ಜಿ. ಇವರಿಗೆ ನಾಲ್ಕು ಗಂಟೆಗೆ ಬಸ್ಸು ಬಿಡಬೇಕಂತೆ. ಅಪ್ಪನ ಹೆಸರಿನೋರು ಬೇಕಾದಷ್ಟು ಜನ ಇರ್ತಾರೆ, ಸುಮ್ನೆ ಇಷ್ಟು ದೂರ ಬಂದ್ರಿ."

ಹೇಳುತ್ತಲೇ ಅವಳು ಸೀಟಿನ ಮೇಲೆ ಬಗ್ಗಿ ಟೇಪು ಇಟ್ಟಳು. ಥಳಥಳಿಸುವ ಹೊಸ ಟೇಪು. ಅದರ ಲೋಹದ ತುದಿಯನ್ನು ಅಂಚಿನಿಂದ ಹೊರಗೆ ಬಿಟ್ಟು, ಒಂದು ಎಂಬ ಅಂಕಿಯನ್ನು ಅಂಚಿಗೆ ಒತ್ತಿ ಹಿಡಿದು, ಉದ್ದ ಓದಿದಳು. "ನಲವತ್ತೈದು."

ಆ ಅಂಗಡಿಯಲ್ಲಿ ಅತ್ತೆಯ ಹೊಸ ಕಣ್ಣಿಗೆ ಮೊದಲು ಕಂಡದ್ದು ಅದು.

"ಒಂದರಿಂದ ಯಾಕಮ್ಮ ಹಿಡೀತೀಯಾ?" ಎಂದಳು.

"ಅಪ್ಪ ಕಲಿಸಿದ್ದು ಹಾಗೆ ಅಜ್ಜಿ. ಒಂದರಿಂದ ಹಿಡಿದು ಓದೋದು, ಬಂದ ಅಂಕಿಯಷ್ಟನ್ನ ಟೇಪಿನ ತುದಿಯಿಂದ ಅಳೆದು ಕತ್ತರಿಸೋದು. ಒಂದಿಂಚು ಜಾಸ್ತಿ ಉಳಿಯುತ್ತಲ್ಲ, ಅದನ್ನ ಒಳಗೆ ಮಡಚಿ ಹೊಲೀತೀವಿ. ಅತ್ತೆ ಇಂಚು."

"ಏನಂದೆ?"

"ಅತ್ತೆ ಇಂಚು. ಒಳಗೆ ಬಿಡೋ ಬಟ್ಟೆಗೆ ಹಾಗಂತೀವಿ. ನಿಮ್ಮ ಕಡೆ ಹಾಗನ್ನಲ್ವಾ?" ಸೀಟಕ್ಕ ಕತ್ತರಿ ಎತ್ತಿಕೊಂಡಳು. "ದಾರದ ಅಂಗಡಿಯವನೂ ಒಂದ್ಸಲ ನಕ್ಕಿದ್ದ. ನಾನು ಚಿಕ್ಕೋಳಿದ್ದಾಗಿಂದ ಕೇಳಿರೋದು ಅದನ್ನೇ. ಅತ್ತೆ ಇಂಚು ಬಿಟ್ಟೆಯಾ, ಅತ್ತೆ ಇಂಚು ಮರೀಬೇಡ. ದಿನಕ್ಕೆ ಹತ್ತು ಸಲ ಹೇಳೋರು. ಯಾರಾದ್ರೂ ಅಳತೆ ತಪ್ಪಿ ಬರಕೊಂಡಿದ್ರೆ, ಅದನ್ನ ಬಿಚ್ಚಿ ಸರಿ ಮಾಡಬಹುದು, ಪಾಪ ಯಾರೂ ಬೈಸಿಕೊಳ್ಳೋದು ಬೇಡ ಅನ್ನೋರು."

ಟೈಲರಮ್ಮ ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗೆ ಎಲ್ಲ ಅರ್ಥವಾಗಿತ್ತು, ಆದರೆ ಅದು ತಾನು ಹೇಳಬೇಕಾದ ಮಾತಲ್ಲ.

ಅತ್ತೆ ಎದ್ದು ನಿಂತಳು. ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆಲ್ಲ ಎಲ್ಲಿಗೋ ಹೋಗಿತ್ತು. "ಅಳತೆ ತಪ್ಪಿ ಬರಕೊಂಡಿದ್ದು ನಾನಮ್ಮ," ಎಂದಳು. "ಇಪ್ಪತ್ನಾಲ್ಕು ಕೋಟು. ಬೈಸಿಕೊಂಡಿದ್ದು ನಿಮ್ಮಪ್ಪ. ಹೊಡೆಸಿಕೊಂಡಿದ್ದೂ ಅವನೇ. ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ತಪ್ಪು ನಂದು. ಇಷ್ಟು ಹೇಳೋಕೇ ಬಂದೆ."

ಆಮೇಲೆ ಟೇಪಿನ ಕಥೆಯನ್ನೂ ಹೇಳಿದಳು. ಹರಿದ ಮೊದಲ ಇಂಚು, ಒಂದು ಕಳೆಯುವ ರೂಢಿ, ಅಣ್ಣ ಖುಷಿಗೆ ತಂದ ಹೊಸ ಟೇಪು. ಕತ್ತರಿ ಸೀಟಕ್ಕನ ಕೈಯಲ್ಲೇ ಇತ್ತು, ಬಾಯಿ ತೆರೆದುಕೊಂಡು. ಅವಳು ಅದನ್ನು ಕೆಳಗಿಟ್ಟು ಒಳಗೆ ಹೋದಳು. ಡ್ರಾಯರು ಎಳೆದ ಸದ್ದಾಯಿತು, ಹುಡುಕಿದ ಸದ್ದಾಯಿತು. ಬಂದಾಗ ಅವಳ ಅಂಗೈಯಲ್ಲಿ ಸುರುಳಿ ಸುತ್ತಿದ ಬಟ್ಟೆಯ ಟೇಪಿತ್ತು, ಅಂಕಿಗಳು ಮಾಸಿ ಬೂದಿ ಬಣ್ಣಕ್ಕೆ ತಿರುಗಿದ್ದು.

"ಇದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರಲಿಲ್ಲ ಅಪ್ಪ. ಅಳೆಯೋಕೂ ಬಳಸ್ತಿರಲಿಲ್ಲ. ಹರಕು ಟೇಪು ಯಾಕಪ್ಪ ಅಂದ್ರೆ, ಇರಲಿ ಬಿಡು ಅನ್ನೋರು."

ಅತ್ತೆ ಅದರ ತುದಿಯನ್ನು ಹೆಬ್ಬೆರಳಲ್ಲಿ ಸವರಿದಳು. ಮೊದಲ ಅಂಕಿ ಒಂದು. ಅದರ ಹಿಂದೆ ಏನೂ ಇರಲಿಲ್ಲ, ಒಂದೆರಡು ಎಳೆ ನೂಲು ಬಿಟ್ಟರೆ.

"ಗೊತ್ತಿತ್ತು ಅವನಿಗೆ," ಎಂದಳು ಮೆಲ್ಲಗೆ. ಆಮೇಲೆ ಸಿಟ್ಟು ಬಂತು, ಐವತ್ತೆಂಟು ವರ್ಷದ ಸಿಟ್ಟು. "ಗೊತ್ತಿದ್ದೂ ಒಂದು ಕಾಗದ ಹಾಕಲಿಲ್ಲವಾ ಆ ಹಠಮಾರಿ? ಒಂದು ಸಾಲು. ಬೈದಾದ್ರೂ ಬರೀಬಾರದಿತ್ತಾ? ನಾನು ಅಲ್ಲಿ ಒಂದು ದಿನ, ಒಂದೇ ಒಂದು ದಿನ ಸಮಾಧಾನವಾಗಿ ಮಲಗಲಿಲ್ಲ, ಅವನು ಇಲ್ಲಿ ಕೂತು ಬಟ್ಟೆ ಮಡಚಿದ್ನಂತೆ." ಹೇಳುತ್ತಾ ಹೇಳುತ್ತಾ ಅವಳ ದನಿ ಒಡೆಯಿತು. ಟೇಪನ್ನು ಎದೆಗೊತ್ತಿಕೊಂಡು, ಬೆನ್ನು ಬಾಗಿಸಿ, ಚಿಕ್ಕ ಹುಡುಗಿಯ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಡಾಕ್ಟರು ಕಣ್ಣಿಗೆ ನೀರು ತಾಗಿಸಬೇಡಿ ಎಂದಿದ್ದರು. ಟೈಲರಮ್ಮನಿಗೆ ಅದು ನೆನಪಾಯಿತು, ಆದರೆ ಯಾವ ಬಾಯಲ್ಲಿ ಹೇಳುವುದು, ಅವಳೇ ಅಳುತ್ತಿದ್ದಳು.

ಸೀಟಕ್ಕ ಹತ್ತಿರ ಬಂದು ಮುದುಕಿಯ ಎರಡೂ ಭುಜ ಹಿಡಿದಳು. ರೆಕ್ಸಿನ್ ಕತ್ತರಿಸಿ ಕತ್ತರಿಸಿ ಒರಟಾದ ಕೈ.

"ಅಪ್ಪ ದಿನಾ ನಿಮ್ಮ ಮಾತೇ ಆಡ್ತಿದ್ರು ಅತ್ತೆ," ಎಂದಳು. "ನಮಗೇ ಗೊತ್ತಾಗಲಿಲ್ಲ."

ಅತ್ತೆ ತಲೆ ಎತ್ತಿ ಅವಳನ್ನು ನೋಡಿದಳು. ಆ ಹಣೆ, ಆ ಗದ್ದ ಯಾರದೆಂದು ಈಗ ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಕೈಯಲ್ಲಿದ್ದ ಟೇಪಿನ ತುದಿಯಿಂದಲೇ ಸೋದರ ಸೊಸೆಯ ಕೆನ್ನೆ ಒರೆಸಿದಳು.

ಬಾಗಿಲಲ್ಲಿ ನಿಂತಿದ್ದ ಡ್ರೈವರು ಇಷ್ಟು ಹೊತ್ತು ಪಾಪ ಸುಮ್ಮನಿದ್ದ. ಈಗ ಮೆಲ್ಲಗೆ ಕೆಮ್ಮಿ, "ಸೀಟಕ್ಕ, ನನ್ನ ಕೆಲಸ ಎಷ್ಟೊತ್ತಾಗುತ್ತೆ?" ಎಂದ.

ಸೀಟಕ್ಕ ತಿರುಗಿ ಕೂಡ ನೋಡಲಿಲ್ಲ.

"ಇವತ್ತಿಗೆ ಬೇರೆ ಸೀಟು ಹಾಕ್ಕೊಂಡು ಹೋಗಿ," ಎಂದಳು. "ನಮ್ಮತ್ತೆ ಬಂದಿದ್ದಾರೆ."